ದೊಡ್ಡ ವಿಮಾನವನ್ನು ಎಷ್ಟು ವೇಗದಲ್ಲಿ ಜೋರಾಗಿ ತಿರುಗಿಸಬಹುದು? ನೀವೇ ಲೆಕ್ಕ ಹಾಕಿ

ಯಲಹಂಕದಲ್ಲಿ ಏರೋ ಇಂಡಿಯಾ ನೋಡಿ ಬಂದು ಮನೆಯಲ್ಲಿ ಸಿಮ್ಯುಲೇಟರ್ ಮುಂದೆ ಕೂರುವ ಹುಡುಗರು ಜಾಸ್ತಿ ಕೇಳುವ ಪ್ರಶ್ನೆ ಇದು. ಪೆನ್ನು, ಪೇಪರ್ ಇದ್ದರೆ ಲೆಕ್ಕ ಹಾಕಬಹುದು. ಆದರೆ ಆ ಲೆಕ್ಕ ಎಲ್ಲಿಯವರೆಗೆ ಕಾಪಾಡುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನೂ ಜೊತೆಗೇ ಕಲಿಯಬೇಕು.

ಮೊದಲು ಸ್ಟಾಲ್ ವೇಗ ಬರೆದುಕೊಳ್ಳಿ. ಫ್ಲಾಪ್ (ನಿಧಾನಕ್ಕೆ ಹಾರುವಾಗ ರೆಕ್ಕೆಯ ಹಿಂಬದಿಯಿಂದ ಇಳಿಸುವ ಹಲಗೆ) ಇಳಿಸದೆ ನೇರವಾಗಿ ಹಾರುವಾಗ, ಯಾವ ವೇಗಕ್ಕಿಂತ ಕೆಳಗೆ ಹೋದರೆ ರೆಕ್ಕೆ ವಿಮಾನವನ್ನು ಹೊರಲಾರದೋ ಅದು. ಸುಮ್ನೆ ಲೆಕ್ಕಕ್ಕೆ 150 ನಾಟ್ ಅಂದುಕೊಳ್ಳಿ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ).

ಆಮೇಲೆ ಜಿ ಮಿತಿ. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಸಾಮಾನ್ಯವಾಗಿ ಅದು 2.5. ಅಂದರೆ ವಿಮಾನದ ತೂಕದ ಎರಡೂವರೆ ಪಟ್ಟು ಹೊತ್ತರೂ ರೆಕ್ಕೆ ಬಾಗಿ ಮತ್ತೆ ಮೊದಲಿನಂತಾಗಬೇಕು, ಸೊಟ್ಟಗೆ ಉಳಿಯಬಾರದು. ಅದರ ಒಂದೂವರೆ ಪಟ್ಟು ಭಾರ ಬಿದ್ದರೂ ಕನಿಷ್ಠ 3 ಸೆಕೆಂಡ್ ಮುರಿಯದೆ ನಿಲ್ಲಬೇಕು. ಆ ಹೆಚ್ಚುವರಿ ಶಕ್ತಿ ಪೈಲಟ್ ಬಳಸಿಕೊಳ್ಳಲಿ ಅಂತ ಇಟ್ಟದ್ದಲ್ಲ.

ಈಗ ಗುಣಾಕಾರ. ವೇಗ ಎರಡು ಪಟ್ಟಾದರೆ ರೆಕ್ಕೆ ಕೊಡಬಲ್ಲ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 2.5ರ ವರ್ಗಮೂಲ, ಅಂದರೆ 1.58 ತೆಗೆದುಕೊಂಡು 150ಕ್ಕೆ ಗುಣಿಸಿ. 237 ನಾಟ್ ಬರುತ್ತದೆ. ಇದೇ ಮ್ಯಾನುವರಿಂಗ್ ಸ್ಪೀಡ್, ಚಿಕ್ಕದಾಗಿ ವಿಎ. ಇದಕ್ಕಿಂತ ಕೆಳಗೆ ಮೂತಿಯನ್ನು ಎಷ್ಟು ಜೋರಾಗಿ ಮೇಲೆತ್ತಿದರೂ 2.5 ಜಿ ಮುಟ್ಟುವ ಮೊದಲೇ ರೆಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ಭಾರ ತಾನಾಗಿ ತಪ್ಪುತ್ತದೆ.

ತೂಕ ಕಡಿಮೆಯಾದರೆ ಈ ವೇಗವೂ ಕಡಿಮೆ ಆಗಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ರಾತ್ರಿ ಖಾಲಿ ಬಿಎಂಟಿಸಿ ಬಸ್ಸು ಹಂಪ್ ಹತ್ತಿದಾಗ ಹಿಂದಿನ ಸೀಟಿನವರು ಎಗರಿಬೀಳುತ್ತಾರೆ, ತುಂಬಿದ ಬಸ್ಸಿನಲ್ಲಿ ಅಷ್ಟಿಲ್ಲ, ಅಲ್ವಾ? ಇಲ್ಲೂ ಹಾಗೆಯೇ, ಅದೇ ಗಾಳಿಯ ಬಲಕ್ಕೆ ಹಗುರ ವಿಮಾನ ಜಾಸ್ತಿ ಕುಲುಕುತ್ತದೆ, ಆ ಏಟು ಎಂಜಿನ್ ಹಿಡಿದ ಬೋಲ್ಟುಗಳಿಗೂ ತಗಲುತ್ತದೆ. ತೂಕ ಶೇ 20ರಷ್ಟು ಇಳಿದರೆ ನಮ್ಮ 237 ಸುಮಾರು 212 ಆಗುತ್ತದೆ. ಫ್ಲಾಪ್ ಇಳಿಸಿದಾಗಲಂತೂ ಮಿತಿ 2 ಜಿ ಮಾತ್ರ, ಫ್ಲಾಪಿನ ವೇಗಮಿತಿ ಬೇರೆ.

ಇನ್ನು ಈ ಲೆಕ್ಕ ಕೈಕೊಡುವ ಜಾಗ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ 587, ಒಂದು ಏರ್‌ಬಸ್ ಎ300, ಮುಂದೆ ಹೋದ 747ರ ಗಾಳಿಸುಳಿಗೆ ಸಿಕ್ಕಿತು. ಸಹ ಪೈಲಟ್ ರಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ, ಬಾಲದ ಹಲಗೆ) ಪೆಡಲನ್ನು ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ, ಹೀಗೆ ಪೂರ್ತಿಯಾಗಿ ತುಳಿಯುತ್ತ ಹೋದರು. ವೇಗ ವಿಎಗಿಂತ ಕೆಳಗೇ ಇತ್ತು. ಆದರೂ ಬಾಲದ ನೆಟ್ಟನೆಯ ರೆಕ್ಕೆ ಕಿತ್ತುಹೋಯಿತು. ನೆಲದ ಮೇಲಿದ್ದ ಐವರೂ ಸೇರಿ 265 ಜನ ತೀರಿಕೊಂಡರು.

ಯಾಕೆ ಹಾಗಾಯಿತು? ಜೋಕಾಲಿ ನೆನಪಿಸಿಕೊಳ್ಳಿ. ವಾಪಸ್ ಬರುವ ಜೋಕಾಲಿಯನ್ನು ಪ್ರತಿ ಸಲ ಸರಿಯಾದ ಹೊತ್ತಿಗೆ ತಳ್ಳಿದರೆ ತೂಗು ಏರುತ್ತಲೇ ಹೋಗುತ್ತದೆ. ವಿಮಾನ ಒಂದು ಪಕ್ಕಕ್ಕೆ ಹೊರಳಿ ಬಾಲಕ್ಕೆ ಓರೆಗಾಳಿ ಬಡಿಯುತ್ತಿರುವಾಗಲೇ ರಡರ್ ಎದುರು ದಿಕ್ಕಿಗೆ ತಿರುಗಿದರೆ ಎರಡು ಬಲಗಳೂ ಸೇರಿಕೊಳ್ಳುತ್ತವೆ. ನಮ್ಮ ವರ್ಗಮೂಲದ ಲೆಕ್ಕದಲ್ಲಿ ಇದು ಇಲ್ಲವೇ ಇಲ್ಲ. 2010ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಿಯಮದಲ್ಲೇ ಎಚ್ಚರಿಕೆ ಸೇರಿಸಿತು: ವಿಎಗಿಂತ ಕೆಳಗಿದ್ದರೂ ಹಿಡಿಕೆ, ಪೆಡಲುಗಳನ್ನು ಬೇಗಬೇಗ ಜೋರಾಗಿ ಹಿಂದೆಮುಂದೆ ಮಾಡಬೇಡಿ, ಒಟ್ಟಿಗೇ ಎರಡು ಮೂರು ದಿಕ್ಕುಗಳಲ್ಲಿ ಪೂರ್ತಿ ತಿರುಗಿಸಬೇಡಿ ಅಂತ.

ಸಿಮ್ಯುಲೇಟರಿನಲ್ಲಿ ಮುಂದಿನ ಸಲ ಗಾಳಿಸುಳಿ ಬಂದಾಗ ಹೀಗೆ ಮಾಡಿ. ವಿಮಾನ ಓರೆಯಾದರೆ ರೆಕ್ಕೆಯ ತುದಿಯ ಏಲರಾನ್‌ಗಳಿಂದ ನಿಧಾನಕ್ಕೆ ನೆಟ್ಟಗೆ ಮಾಡಿ. ಪಾದ ಪೆಡಲಿನ ಮೇಲೆ ಇರಲಿ, ತುಳಿಯಬೇಡಿ.