ಸೈಕಲ್ ಮೇಲೆ ತಿನ್ನುವುದನ್ನೂ ಪ್ರಾಕ್ಟೀಸ್ ಮಾಡಿ

3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಕೊನೆಗೆ 42.2 ಕಿ.ಮೀ. ಓಟ. ಈ ಮೂರನ್ನೂ ಒಂದೇ ರೇಸ್‌ನಲ್ಲಿ ಮುಗಿಸುವ ಫುಲ್ ಡಿಸ್ಟೆನ್ಸ್ ಟ್ರಯಥ್ಲಾನ್‌ಗೆ ತಯಾರಾಗುವವರು ಕಾಲಿಗೆ ಕೊಡುವಷ್ಟು ಗಮನ ಹೊಟ್ಟೆಗೆ ಕೊಡುವುದಿಲ್ಲ. ಓಡುತ್ತಾ ತಿನ್ನುವುದು ಕಷ್ಟ, ಅಲ್ವಾ? ಹಾಗಾಗಿ ಸೈಕಲ್ ಮೇಲೆ ಇರುವಾಗಲೇ ಸರಿಯಾಗಿ ತಿಂದಿರಬೇಕು.

ಸಾಮಾನ್ಯ ಲೆಕ್ಕ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್. ಅಷ್ಟನ್ನು ಹೊಟ್ಟೆ ಒಮ್ಮೆಲೇ ಒಪ್ಪುವುದಿಲ್ಲ. ಲಾಂಗ್ ರೈಡ್‌ಗಳಲ್ಲಿ 40 ಗ್ರಾಂನಿಂದ ಶುರು ಮಾಡಿ, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. 60 ದಾಟುವುದಾದರೆ ಗ್ಲೂಕೋಸ್ ಜೊತೆ ಫ್ರಕ್ಟೋಸ್ ಕೂಡ ಇರುವ ಎನರ್ಜಿ ಜೆಲ್ (ಪ್ಯಾಕೆಟ್‌ನಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಅಥವಾ ನೀರಿಗೆ ಬೆರೆಸುವ ಪುಡಿ ಆರಿಸಿ. ಕರುಳು ಇವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೀರಿಕೊಳ್ಳುತ್ತದೆ. ಬರೀ ಗ್ಲೂಕೋಸ್ ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ.

ಹಸಿವಾಗಲಿ ಎಂದು ಕಾಯಬೇಡಿ. ಈಜು ಮುಗಿಸಿ ಸೈಕಲ್ ಹತ್ತಿ, ಉಸಿರು ಹದಕ್ಕೆ ಬಂದ ಮೇಲೆ ಮೊದಲ ತುತ್ತು. ಆಮೇಲೆ ಪ್ರತಿ 15–20 ನಿಮಿಷಕ್ಕೆ ವಾಚ್‌ನಲ್ಲಿ ಅಲಾರಂ ಇಡಿ. ಜೆಲ್ ತಿಂದಾಗ ನೀರು ಕುಡಿಯಿರಿ, ಸ್ಪೋರ್ಟ್ಸ್ ಡ್ರಿಂಕ್ ಬೇಡ. ಎರಡೂ ಸೇರಿದರೆ ಸಕ್ಕರೆ ಅತಿಯಾಗುತ್ತದೆ. ಹಾಗಂತ ಸುಮ್ನೆ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ ಇಳಿದರೆ ನಿಜಕ್ಕೂ ಅಪಾಯ.

ರೇಸ್‌ನಲ್ಲಿ ಯಾವ ಬ್ರ್ಯಾಂಡ್‌ನ ಜೆಲ್ ಕೊಡುತ್ತಾರೆ ಎಂದು ಮೊದಲೇ ವಿಚಾರಿಸಿ, ಪ್ರಾಕ್ಟೀಸ್‌ನಲ್ಲಿ ಅದನ್ನೇ ತಿಂದು ನೋಡಿ. ಹೊಂದದಿದ್ದರೆ ನಿಮ್ಮದನ್ನೇ ಒಯ್ಯಿರಿ.