ಎಂಟು ರಾತ್ರಿಯ ದುಡಿಮೆ, ಹನ್ನೆರಡು ತಿಂಗಳ ಸಂಸಾರ

ಅಮೆರಿಕದ ಅಯೋವಾ ರಾಜ್ಯದಲ್ಲಿ ಒಂದು ಇನ್‌ಡೋರ್ ಫುಟ್ಬಾಲ್ ತಂಡಕ್ಕೆ ನಾನು ಐದು ಸೀಸನ್ ಲೆಕ್ಕ ಬರೆದೆ. ತಂಡ ಶುರುವಾದ 2010ರಿಂದ ಬಾಗಿಲು ಹಾಕಿದ 2014ರವರೆಗೆ. ಪಂದ್ಯದ ದಿನ ಟಿಕೆಟ್ ಕೌಂಟರ್ ಕೂಡ ನನ್ನದೇ. ತಂಡದ ಹೆಸರು ಬೇಡ. ಅದನ್ನು ನಡೆಸಿದವರು ಇನ್ನೂ ಅದೇ ಊರಲ್ಲಿದ್ದಾರೆ. ಆದರೆ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನೋದು ನನ್ನ ಕೈಬರಹದಲ್ಲೇ ಇದೆ.

ನನ್ನ ಊರು ರಾಣೆಬೆನ್ನೂರು. ಯಜಮಾನರು ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಇಂಜಿನಿಯರ್. ಅಯೋವಾಕ್ಕೆ ಬಂದ ಮೊದಲ ದಿನ ರಸ್ತೆಯ ಎರಡೂ ಕಡೆ ಗೋವಿನಜೋಳದ ಹೊಲ ನೋಡಿ, ಹಾವೇರಿ ದಾರಿಯಲ್ಲೇ ಇದ್ದೀನಿ ಅನಿಸಿತ್ತು. ಗ್ರೀನ್ ಕಾರ್ಡ್ ಬಂದ ಮೇಲೆ ನನ್ನ ಬಿ.ಕಾಂ.ಗೆ ಒಂದು ಕೆಲಸ ಹುಡುಕುತ್ತಿದ್ದೆ. ಹೊಸ ತಂಡಕ್ಕೆ ವಾರಕ್ಕೆ ಮೂರು ದಿನ ಲೆಕ್ಕ ಬರೆಯುವವರು ಬೇಕಾಗಿತ್ತು. ಆಟದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ.

ಇದು ಕಾಲಲ್ಲಿ ಒದೆಯುವ ನಮ್ಮ ಫುಟ್ಬಾಲ್ ಅಲ್ಲ. ಹೆಲ್ಮೆಟ್ ಹಾಕಿ, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್ಬಾಲ್. ಬಯಲಲ್ಲಿ ಆಡಿದರೆ 100 ಗಜದ ಮೈದಾನ, ಒಂದು ಕಡೆ 11 ಜನ. 1981ರಲ್ಲಿ ಜಿಮ್ ಫಾಸ್ಟರ್ ಎಂಬವರು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ನೋಡುತ್ತಾ, ಇದೇ ಜಾಗದಲ್ಲಿ ಫುಟ್ಬಾಲ್ ಆಡಿಸಿದರೆ ಹೇಗೆ ಅಂತ ಒಂದು ಲಕೋಟೆಯ ಮೇಲೆ ನಕ್ಷೆ ಬರೆದರು. 1987ರಲ್ಲಿ ನಾಲ್ಕು ತಂಡಗಳ ಅರೀನಾ ಫುಟ್ಬಾಲ್ ಲೀಗ್ ಶುರುವಾಯಿತು. 50 ಗಜದ ಮೈದಾನ, ಒಂದು ಕಡೆ 8 ಜನ, ಸುತ್ತ ಐಸ್ ಹಾಕಿಯ ಗೋಡೆಗೆ ಫೋಮ್ ಮೆತ್ತೆ. ಆ ಮೆತ್ತೆಯ ಆಚೆಗೇ ಮೊದಲ ಸಾಲಿನ ಕುರ್ಚಿ. ಚೆಂಡು ಹಿಡಿಯಲು ಹಾರಿದ ಹುಡುಗ ಎಷ್ಟೋ ಸಲ ಗೋಡೆ ದಾಟಿ ಜನರ ಮಡಿಲಿಗೇ ಬೀಳುತ್ತಿದ್ದ. ಕಬಡ್ಡಿಯನ್ನು ಅಂಕಣದ ಪಕ್ಕದಲ್ಲೇ ನಿಂತು ನೋಡಿದವರಿಗೆ ಈ ಹತ್ತಿರದ ಸುಖ ಗೊತ್ತಿರುತ್ತೆ. ಉಸಿರು ಕೇಳಿಸುತ್ತೆ, ಭುಜಕ್ಕೆ ಭುಜ ಬಡಿದ ಸದ್ದು ಕೇಳಿಸುತ್ತೆ. ಎರಡನೇ ಪಂದ್ಯಕ್ಕೇ ನಾನು ಈ ಆಟವನ್ನು ಮೆಚ್ಚಿಕೊಂಡಿದ್ದೆ.

ಈ ಅರೀನಾ ಲೀಗಿನವರೇ 2000ದಲ್ಲಿ ಸಣ್ಣ ಊರುಗಳಿಗಾಗಿ ಎಎಫ್2 ಅಂತ ಒಂದು ಕಿರಿಯ ಲೀಗ್ ಮಾಡಿದ್ದರು. ಮಿಸ್ಸಿಸ್ಸಿಪ್ಪಿ ನದಿ ದಡದ ಕ್ವಾಡ್ ಸಿಟಿ ತಂಡ ಅದರ ಮೊದಲ ಎರಡೂ ಕಪ್ ಗೆದ್ದಿತ್ತು. 2009ರಲ್ಲಿ ಆ ಕಿರಿಯ ಲೀಗ್ ನಿಂತುಹೋಯಿತು. ಚಳಿಗಾಲದ ಐಸ್ ಹಾಕಿ ಮುಗಿದ ಮೇಲೆ ಊರೂರಿನ ಹಾಲ್‌ಗಳು ಖಾಲಿ. ಆಟದ ರುಚಿ ಹತ್ತಿದ ಜನ ಇದ್ದೇ ಇದ್ದರು. ಆ ಖಾಲಿ ಜಾಗಕ್ಕೆ ಇನ್ನೂ ಸಣ್ಣ ಲೀಗುಗಳು ಬಂದವು. ನಮ್ಮದು ಅಂಥದ್ದರಲ್ಲಿ ಒಂದು.

ಪಂದ್ಯದ ಹಿಂದಿನ ರಾತ್ರಿ ಹುಲ್ಲು ಹಾಸುವ ಕೆಲಸ. ಪ್ಲಾಸ್ಟಿಕ್ ಹುಲ್ಲಿನ ಒಂದೊಂದು ಸುರುಳಿಯೂ ಎತ್ತಿನಗಾಡಿಯ ಹೇರಿನಷ್ಟು ದಪ್ಪ. ಫೋರ್ಕ್‌ಲಿಫ್ಟ್‌ನಿಂದ ಇಳಿಸಿ, ಆರೇಳು ಜನ ಮಂಡಿಯೂರಿ ತಳ್ಳುತ್ತಾ ಬಿಚ್ಚಬೇಕು. ಅಂಚಿಗೆ ಅಂಚು ವೆಲ್ಕ್ರೋ ಪಟ್ಟಿಯಲ್ಲಿ ಅಂಟಿಸಬೇಕು. ಬಿಳಿ ಗೆರೆ ಒಂದು ಬೆರಳು ಅತ್ತಿತ್ತ ಆದರೂ ಚರ್ರನೆ ಕಿತ್ತು ಮತ್ತೆ ಮೊದಲಿಂದ. ಮೊದಲ ವರ್ಷ ನಾನೂ ಸಾಕ್ಸ್ ಹಾಕಿಕೊಂಡು ಆ ಪಟ್ಟಿ ತುಳಿದಿದ್ದೇನೆ. ಕೆಳಗಿನ ಕಾಂಕ್ರೀಟಿನ ತಂಪು ಪಾದಕ್ಕೆ ಏರುತ್ತಿತ್ತು. ಬೆಳಗಿನ ಜಾವ ಎರಡಕ್ಕೆ ದೀಪದ ಕೆಳಗೆ ಆ ಹಸಿರು ಮೈದಾನ ಪೂರ್ತಿ ಆಗಿ ನಿಂತಾಗ, ಯಾರೂ ಮಾತಾಡದೆ ಐದು ನಿಮಿಷ ಸುಮ್ನೆ ನೋಡುತ್ತಿದ್ದೆವು.

ಆಟಗಾರರಿಗೆ ಪಂದ್ಯಕ್ಕೆ ಸುಮಾರು 200 ಡಾಲರ್. ಇರಲು ಅಪಾರ್ಟ್‌ಮೆಂಟು, ಪಂದ್ಯ ಮುಗಿದ ಮೇಲೆ ಒಂದು ಹೋಟೆಲಿನ ಊಟ. ಊಟಕ್ಕೆ ದುಡ್ಡಿಲ್ಲ, ಬದಲಿಗೆ ಗೋಡೆಯ ಮೆತ್ತೆ ಮೇಲೆ ಹೋಟೆಲಿನ ಜಾಹೀರಾತು. ಹಗಲು ಹುಡುಗರು ಜಿಮ್ಮಲ್ಲಿ, ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದರು. ಯಾಕೆ ಆಡುತ್ತೀರಿ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಕರ್ಟ್ ವಾರ್ನರ್. ಅವರು ಅಯೋವಾದವರೇ. ಇಲ್ಲಿನ ಸೀಡರ್ ಫಾಲ್ಸ್‌ನಲ್ಲಿ ಹೈ-ವೀ ದಿನಸಿ ಅಂಗಡಿಯಲ್ಲಿ ಗಂಟೆಗೆ 5.50 ಡಾಲರಿಗೆ ಕಪಾಟು ತುಂಬುತ್ತಿದ್ದರು. ಆಮೇಲೆ 1995ರಿಂದ 1997ರವರೆಗೆ ಡೆ ಮೊಯ್ನ್‌ನ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಪರ ಇದೇ ಇನ್‌ಡೋರ್ ಆಟ. 2000ದ ಜನವರಿಯಲ್ಲಿ ಸೇಂಟ್ ಲೂಯಿಸ್ ರ್‍ಯಾಮ್ಸ್ ತಂಡಕ್ಕೆ ಸೂಪರ್ ಬೌಲ್, ಅಂದರೆ ಬಯಲಿನ ದೊಡ್ಡ ಫುಟ್ಬಾಲ್ ಲೀಗಿನ ಫೈನಲ್, ಗೆದ್ದುಕೊಟ್ಟು, ಆ ಪಂದ್ಯದ ಶ್ರೇಷ್ಠ ಆಟಗಾರ ಆದರು. ನಮ್ಮ ಹುಡುಗರಿಗೆ ಅದು ಕಥೆಯಲ್ಲ, ದಾರಿ.

ಮೊದಲ ಎರಡು ಸೀಸನ್ ಚೆನ್ನಾಗಿ ನಡೆಯಿತು. ಗೆದ್ದೆವು, ಜನ ಬಂದರು. ಶನಿವಾರ ಸಂಜೆ ಕೌಂಟರ್ ಮುಂದಿನ ಸಾಲು ಬಾಗಿಲು ದಾಟಿ ಪಾರ್ಕಿಂಗ್‌ವರೆಗೆ ಇರುತ್ತಿತ್ತು. ಗೋಡೆ ದಾಟಿ ಬಂದ ಚೆಂಡನ್ನು ಹಿಡಿದವರೇ ಮನೆಗೆ ಒಯ್ಯಬಹುದು ಅನ್ನೋದು ಈ ಆಟದ ಪದ್ಧತಿ. ಆ ಚೆಂಡುಗಳೂ ನನ್ನ ಖರ್ಚಿನ ಪಟ್ಟಿಯಲ್ಲಿ ಇರುತ್ತಿದ್ದವು. ಅಪ್ಪನ ಹೆಗಲ ಮೇಲೆ ಕೂತ ಒಂದು ಮಗು ಚೆಂಡು ತಬ್ಬಿಕೊಂಡು ಹೋಗಿದ್ದನ್ನು ನೋಡಿದ ಮೇಲೆ ಆ ಖರ್ಚು ಬರೆಯಲು ನನಗೆ ಯಾವತ್ತೂ ಬೇಜಾರಾಗಲಿಲ್ಲ.

ಬೇಜಾರಾಗಿದ್ದು ಬೇರೆ ಕಡೆ. ತವರೂರಿನಲ್ಲಿ ಆಡುವ ಪಂದ್ಯ ವರ್ಷಕ್ಕೆ ಎಂಟೇ. ಆ ಎಂಟು ರಾತ್ರಿಯ ಟಿಕೆಟ್ ದುಡ್ಡಲ್ಲಿ ಹನ್ನೆರಡು ತಿಂಗಳು ಸಾಗಬೇಕು. ನನ್ನ ಸೋದರಮಾವ ಕಂಪನಿ ನಾಟಕದಲ್ಲಿ ಗೇಟು ನೋಡಿಕೊಂಡಿದ್ದವರು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ದುಡಿದಿದ್ದರಲ್ಲೇ ಮಳೆಗಾಲ ದಾಟಿಸಬೇಕು ಅಂತ ಹೇಳುತ್ತಿದ್ದರು. ನಮ್ಮದೂ ಹಾಗೇ. ಆದರೆ ನಾಟಕ ಕಂಪನಿಯ ಟೆಂಟು ಅವರದೇ. ನಮ್ಮ ಹಾಲ್ ನಮ್ಮದಲ್ಲ. ರಾತ್ರಿಗಿಷ್ಟು ಅಂತ ಬಾಡಿಗೆ. ಬಿಯರು, ಪಾಪ್‌ಕಾರ್ನು, ಪಾರ್ಕಿಂಗ್ ದುಡ್ಡೆಲ್ಲ ಹಾಲ್‌ನವರಿಗೆ. ನಮಗೆ ಸಿಗುವುದು ಟಿಕೆಟ್ಟು, ಜಾಹೀರಾತು, ಒಂದಿಷ್ಟು ಟೀ ಶರ್ಟು, ಅಷ್ಟೇ.

ಮೂರನೇ ವರ್ಷ ಸೋಲು ಶುರುವಾಯಿತು. ಹಾಲ್ ಅರ್ಧ ಖಾಲಿ. ಖಾಲಿ ಕುರ್ಚಿ ಕಂಡರೆ ಜಾಹೀರಾತು ಕೊಡುವವರು ಹಿಂದೆ ಸರಿಯುತ್ತಾರೆ ಅಂತ ಮಾಲೀಕರು ಸ್ಕೂಲು, ಬ್ಯಾಂಕು, ಕಾರ್ ಶೋರೂಮುಗಳಿಗೆ ಪಾಸ್ ಹಂಚಿಸಿದರು. ಪಾಸಿನ ಕಟ್ಟು ಎಣಿಸಿ ಕೊಟ್ಟವಳು ನಾನೇ. ಭಾನುವಾರ ಫೋನಿನಲ್ಲಿ ಹೇಳಿದಾಗ ಮಾವ ಅಂದಿದ್ದು ಇಷ್ಟು: "ಒಮ್ಮೆ ಪುಕ್ಕಟೆ ಕುಂತಾಂವ ಮತ್ತ ರೊಕ್ಕ ಕೊಟ್ಟು ಬರಂಗಿಲ್ಲ ನೋಡವಾ." ಅದನ್ನು ನಾನು ಮಾಲೀಕರ ಮುಂದೆ ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ. ಹಾಲ್ ತುಂಬಿತು, ಗಲ್ಲಾ ತುಂಬಲಿಲ್ಲ. ಮುಂದಿನ ತಿಂಗಳು ಸೀಸನ್ ಟಿಕೆಟ್ ತಗೊಂಡಿದ್ದ ಒಬ್ಬರು ಬಂದು, "ನನ್ನ ಪಕ್ಕದ ಸೀಟಿನವರು ಬಿಟ್ಟಿ ಬಂದಿದ್ದಾರಂತೆ, ಹೌದಾ?" ಅಂತ ಕೇಳಿದರು. ಮರುವರ್ಷ ಅವರು ಟಿಕೆಟ್ ತಗೊಳ್ಳಲಿಲ್ಲ.

ಇನ್ನೊಂದು ಹೊಡೆತ ವಿಮೆ. ಕೆಲಸದಲ್ಲಿ ಗಾಯವಾದರೆ ಆಸ್ಪತ್ರೆ ಖರ್ಚು ಕೊಡುವ ವಿಮೆಯನ್ನು ಮಾಲೀಕರೇ ಕಟ್ಟಬೇಕು. ಕೊಡುವ ಪ್ರತಿ 100 ಡಾಲರ್ ಸಂಬಳಕ್ಕೆ ಇಷ್ಟು ಅಂತ ಲೆಕ್ಕ. ಕೆಲಸ ಎಷ್ಟು ಅಪಾಯದ್ದೋ ದರ ಅಷ್ಟು ಜಾಸ್ತಿ. ಒಬ್ಬರ ಮೇಲೊಬ್ಬರು ಬೀಳುವುದೇ ಇಲ್ಲಿ ಕೆಲಸ, ದರ ಹೇಗಿರುತ್ತೆ ನೀವೇ ಯೋಚಿಸಿ. ಜೊತೆಗೆ ಹಿಂದಿನ ವರ್ಷಗಳ ಗಾಯದ ಇತಿಹಾಸ ನೋಡಿ ದರ ಏರಿಸುತ್ತಾರೆ. ಮೊದಲ ಸೀಸನ್ನಿನಲ್ಲಿ ಮೊಣಕಾಲು ಮುರಿದುಕೊಂಡ ಇಬ್ಬರು ಹುಡುಗರ ಖರ್ಚು ಮೂರನೇ ವರ್ಷದ ಪ್ರೀಮಿಯಂ ಕಾಗದದಲ್ಲಿ ಬಂದು ಕೂತಿತ್ತು. ಆ ಕಾಗದವನ್ನು ಮೂರು ಸಲ ಓದಿದೆ, ಎಲ್ಲೋ ಒಂದು ಸೊನ್ನೆ ಹೆಚ್ಚಾಗಿದೆ ಅಂತ.

ಹಾಗಾಗಿ ನಾಲ್ಕನೇ ವರ್ಷ ನಾವು ಮಾಡಬಾರದ್ದನ್ನು ಮಾಡಿದೆವು. ಮುಂದಿನ ಸೀಸನ್ನಿನ ಟಿಕೆಟ್ ಮುಂಗಡವನ್ನು ಬೇಸಿಗೆಯಲ್ಲೇ ಮಾರಿ, ಆ ದುಡ್ಡಲ್ಲಿ ಹಳೇ ಬಾಕಿ ತೀರಿಸಿದೆವು. ಹೊಲದಲ್ಲಿರುವ ಬೆಳೆಯನ್ನು ದಲಾಲಿಗೆ ಮೊದಲೇ ಬರೆದುಕೊಟ್ಟ ಹಾಗೆ. ಮಾರ್ಚ್‌ನಲ್ಲಿ ಪಂದ್ಯ ಶುರುವಾಗುವ ಹೊತ್ತಿಗೆ ಆ ಕುರ್ಚಿಗಳಿಂದ ಬರಬೇಕಾದ ದುಡ್ಡು ಖರ್ಚಾಗಿ ಹೋಗಿತ್ತು. ಯಾರಾದರೂ ಇಂಥ ತಂಡ ಕಟ್ಟುವುದಾದರೆ ಮುಂಗಡದ ದುಡ್ಡಿಗೆ ಬೇರೆಯೇ ಬ್ಯಾಂಕ್ ಖಾತೆ ಇಡಿ. ಮೊದಲ ಪಂದ್ಯದವರೆಗೆ ಮುಟ್ಟಬೇಡಿ.

ಕೊನೆಯ ಸೀಸನ್ನಿನ ಮೇ ತಿಂಗಳಲ್ಲಿ ಊಟದ ಹೋಟೆಲಿನವರು ಒಪ್ಪಂದ ಬಿಟ್ಟರು. ಹೊರ ಊರಿಂದ ಬಸ್ಸಲ್ಲಿ ಒಂಬತ್ತು ತಾಸು ಕೂತು ಬಂದ ಹುಡುಗರಿಗೆ ತಿನ್ನಲು ಏನೂ ಇರಲಿಲ್ಲ. ನಾನು, ಯಜಮಾನರು, ಪರಿಚಯದ ಎರಡು ಕನ್ನಡದ ಮನೆಯವರು ಸೇರಿ ನಾಲ್ಕು ದೊಡ್ಡ ಪಾತ್ರೆ ಚಿತ್ರಾನ್ನ, ಕೋಳಿ ಸಾರು ಮಾಡಿ ಹಾಲ್‌ನ ಹಿಂದಿನ ಬಾಗಿಲಿಗೆ ಒಯ್ದೆವು. ಒಬ್ಬ ಲೈನ್‌ಮ್ಯಾನ್ (ಮುಂದಿನ ಸಾಲಲ್ಲಿ ಎದುರಾಳಿಯನ್ನು ತಡೆಯುವ ಆಟಗಾರ), ಆರೂವರೆ ಅಡಿಯ ಆಳು, ಶೇಂಗಾ ಆರಿಸಿ ಆರಿಸಿ ತಿಂದು ಮೂರನೇ ಸಲ ಬಡಿಸಿಕೊಂಡ. ಅಷ್ಟು ಸಂತೋಷದಿಂದ ನಾನು ಯಾರಿಗೂ ಬಡಿಸಿಲ್ಲ.

ಅದಾದ ಎರಡೇ ವಾರಕ್ಕೆ ವಿಮೆ ರದ್ದಾಗುವ ನೋಟಿಸು ಬಂತು. ವಿಮೆ ಇಲ್ಲದೆ ಆಡಿಸುವ ಹಾಗಿಲ್ಲ. ತವರಿನ ಎರಡು ಪಂದ್ಯ ಬಾಕಿ ಇದ್ದಾಗಲೇ ತಂಡ ನಿಂತಿತು. ಬ್ಯಾಂಕಿನಲ್ಲಿ ಉಳಿದ ದುಡ್ಡಲ್ಲಿ ಮೊದಲು ಯಾರಿಗೆ ಕೊಡೋದು ಅಂತ ಮಾಲೀಕರು ಕೇಳಿದರು. ಈ ಸಲ ಗಟ್ಟಿಯಾಗಿಯೇ ಹೇಳಿದೆ: ಮೊದಲು ಹುಡುಗರ ಸಂಬಳ, ಆಮೇಲೆ ಬಾಡಿಗೆ. ಅವರು ಒಪ್ಪಿದರು. ಆಡಿದ ಪಂದ್ಯಗಳ ಸಂಬಳದಲ್ಲಿ ಒಬ್ಬನದೂ ಬಾಕಿ ಉಳಿಯಲಿಲ್ಲ.

ನಿಂತುಹೋಗಿದ್ದ ಅರೀನಾ ಫುಟ್ಬಾಲ್ ಲೀಗನ್ನು 2024ರ ಏಪ್ರಿಲ್‌ನಲ್ಲಿ 16 ತಂಡಗಳೊಂದಿಗೆ ಮತ್ತೆ ಶುರು ಮಾಡಿದರು. ಕೆಲವೇ ವಾರಗಳಲ್ಲಿ ಒಂದೊಂದೇ ತಂಡ ನಿಂತವು, ಸಂಬಳ ಸಿಗದ ಆಟಗಾರರ ಸುದ್ದಿ ಬಂತು, ಲೀಗಿನ ಮುಖ್ಯಸ್ಥರಾದ ಕಮಿಷನರ್ ಬದಲಾದರು. ಅದನ್ನು ಓದುವಾಗ ಆ ತಂಡಗಳಲ್ಲಿ ಲೆಕ್ಕ ಬರೆಯುತ್ತಿದ್ದವರ ಬಗ್ಗೆಯೇ ನನಗೆ ಯೋಚನೆ.

ನಮ್ಮ ಹುಲ್ಲನ್ನು ಬೇರೆ ರಾಜ್ಯದ ಒಂದು ತಂಡ ಕೊಂಡಿತು. ಜುಲೈನ ಒಂದು ಬೆಳಿಗ್ಗೆ ಲಾರಿ ಬಂತು. ಪ್ರತಿ ಸುರುಳಿಯ ಬೆನ್ನ ಮೇಲೂ ಯಾವುದರ ಪಕ್ಕ ಯಾವುದು ಅಂತ ನಾವು ಮಾರ್ಕರ್‌ನಲ್ಲಿ ನಂಬರ್ ಬರೆದಿದ್ದೆವು. 3 ಮತ್ತು 4 ನನ್ನ ಕೈಬರಹ. 4ರ ಎಡ ಅಂಚಿನ ವೆಲ್ಕ್ರೋ ಸ್ವಲ್ಪ ಸಡಿಲ, ಎರಡು ಸಲ ತುಳಿಯಬೇಕು ಅಂತ ಲಾರಿಯವನಿಗೆ ಹೇಳಿದೆ. ಅವನು ಅದನ್ನು ತನ್ನ ಕಾಗದದಲ್ಲಿ ಬರೆದುಕೊಂಡ.