ಉಗುರಿನ ಮೂಲೆಗೆ ಕತ್ತರಿ ಹಾಕಬೇಡಿ

ಕಾಲಿನ ಹೆಬ್ಬೆರಳ ಉಗುರು ಪಕ್ಕದ ಚರ್ಮದೊಳಕ್ಕೆ ಇಳಿದರೆ ಎಂಥ ನೋವು ಅಂತ ಪಟ್ಟವರಿಗೇ ಗೊತ್ತು. ರಾತ್ರಿ ಹೊದಿಕೆ ತಗುಲಿದರೂ ಜೀವ ಹೋಗುತ್ತದೆ. ನಾನಂತೂ ಇದನ್ನು ವರ್ಷಗಟ್ಟಲೆ ಸಾಕಿದೆ. ಸಾಕಿದೆ ಅಂತಲೇ ಹೇಳಬೇಕು. ನೋವು ಬಂದಾಗಲೆಲ್ಲ ಮೂಲೆಯನ್ನು ಕೆದಕಿ ಕತ್ತರಿಸುತ್ತಿದ್ದೆ. ಎರಡು ದಿನ ಹಾಯೆನಿಸುತ್ತಿತ್ತು. ಆದರೆ ಒಳಗೆ ಮುಳ್ಳಿನಂಥ ಚೂರೊಂದು ಉಳಿಯುತ್ತದೆ ನೋಡಿ, ಉಗುರು ಬೆಳೆದ ಹಾಗೆ ಅದೇ ಮುಂದೆ ನುಗ್ಗಿ ಚುಚ್ಚುತ್ತದೆ.

ಉಗುರನ್ನು ಬೆರಳ ತುದಿಯ ಸಮಕ್ಕೆ, ಅಡ್ಡಕ್ಕೆ ನೇರವಾಗಿ ಕತ್ತರಿಸಿ. ಮೂಲೆ ಚರ್ಮದ ಮೇಲೆ ಕಾಣುತ್ತಿರಲಿ. ನಡುವೆ 'ವಿ' ಆಕಾರದ ಕಚ್ಚು ಹಾಕಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಸುಮ್ನೆ ಮಾತು. ಉಗುರು ಬೆಳೆಯುವುದು ಬುಡದಿಂದ ಅಲ್ವಾ? ತುದಿಯ ಕಚ್ಚು ಅದಕ್ಕೇನು ಮಾಡೀತು?

ನೋವು ಶುರುವಾದ ಹೊಸತರಲ್ಲಿ ದಿನಕ್ಕೆ ಮೂರು ನಾಲ್ಕು ಸಲ, 10ರಿಂದ 20 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಡಿ. (ಉಗುರಿನ ಕಾಯಿಲೆಗೆ ಉಗುರುಬೆಚ್ಚಗಿನ ನೀರು!) ಚರ್ಮ ಮೆತ್ತಗಾದ ಮೇಲೆ ಒರೆಸಿ, ಅದನ್ನು ಉಗುರಿನ ಅಂಚು ಬಿಟ್ಟು ದೂರ ಹೋಗುವ ಹಾಗೆ ಮೆಲ್ಲಗೆ ತಳ್ಳಿ. ಹತ್ತಿಯ ಸಣ್ಣ ಎಳೆಯೊಂದನ್ನು ಹೊಸೆದು ಅಂಚಿನ ಕೆಳಗೆ ಸೇರಿಸಿ. ದಿನವೂ ಹತ್ತಿ ಬದಲಿಸಿ. ಬಲವಂತ ಬೇಡ, ಇವತ್ತು ಹೋಗದಿದ್ದರೆ ನಾಳೆ ಹೋಗುತ್ತದೆ. ಬೆರಳು ಒತ್ತುವ ಶೂ ಬಿಟ್ಟು ತೆರೆದ ಚಪ್ಪಲಿ ಹಾಕಿಕೊಳ್ಳಿ.

ಸಕ್ಕರೆ ಕಾಯಿಲೆ ಇದ್ದವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಮಾತ್ರ ಈ ಹತ್ತಿಯ ಸಾಹಸಕ್ಕೇ ಹೋಗಬೇಡಿ. ಗಾಯ ಬೇಗ ಮಾಯುವುದಿಲ್ಲ, ನೋವೂ ಗೊತ್ತಾಗದೆ ಇರಬಹುದು. ಮೊದಲೇ ಡಾಕ್ಟರ ಹತ್ತಿರ ಹೋಗಿ. ಕೀವು ಬಂದರೆ, ಕೆಂಪು ಹರಡಿದರೆ, ಉಗುರಿನ ಪಕ್ಕ ಹಸಿ ಮಾಂಸ ಉಬ್ಬಿದರೆ ಎಲ್ಲರೂ ಹೋಗಲೇಬೇಕು. ಬರೀ ಆಂಟಿಬಯಾಟಿಕ್ ನುಂಗುತ್ತಾ ಕೂತರೆ ಮುಳ್ಳು ಒಳಗೇ ಇರುತ್ತದಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತ ನಾನೂ ಮುಂದೂಡಿದವಳೇ.

ಆಪರೇಷನ್ ಅಂದರೆ ಹೆದರಬೇಡಿ. ಬೆರಳ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಅದು ಚುರ್ರೆನ್ನುತ್ತದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಎಳೆದದ್ದು ತಿಳಿಯುತ್ತದೆ, ನೋವಿರುವುದಿಲ್ಲ. ಸಾಮಾನ್ಯವಾಗಿ ಚುಚ್ಚುವ ಅಂಚನ್ನಷ್ಟೇ ಪಟ್ಟಿಯಂತೆ ಸೀಳಿ ಬುಡಸಮೇತ ತೆಗೆಯುತ್ತಾರೆ. ಮತ್ತೆ ಹುಟ್ಟದಿರಲಿ ಅಂತ ಬೇರಿಗೆ ಅದನ್ನು ಸುಡುವ ಫೀನಾಲ್ ಎಂಬ ರಾಸಾಯನಿಕ ಹಚ್ಚುವುದುಂಟು. ಅದನ್ನು ಮಾಡುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಬರೀ ಉಗುರು ಕಿತ್ತರೆ ತೊಂದರೆ ಮರಳುವುದು ಜಾಸ್ತಿ. ಇಡೀ ಉಗುರು ತೆಗೆದರಂತೂ ಪೂರ್ತಿ ಬೆಳೆಯಲು ವರ್ಷ, ಒಂದೂವರೆ ವರ್ಷ ಬೇಕು.

ಅದೇ ದಿನ ಮನೆಗೆ ಬರಬಹುದು. ಒಂದೆರಡು ದಿನ ಕಾಲನ್ನು ದಿಂಬಿನ ಮೇಲಿಡಿ. ಫೀನಾಲ್ ಹಚ್ಚಿದ್ದರೆ ಕೆಲವು ವಾರ ನೀರು ಜಿನುಗುತ್ತದೆ, ಗಾಬರಿಯಾಗಬೇಡಿ. ನನ್ನ ಎಡಗಾಲ ಹೆಬ್ಬೆರಳ ಉಗುರು ಈಗ ಬಲಗಾಲಿನದಕ್ಕಿಂತ ಚೂರು ಕಿರಿದು. ನಾನೇ ತೋರಿಸುವ ತನಕ ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.